ಮುಚ್ಚಳ ತೆರೆದ ಅಪರಾಧ

ಮುಧೋಳ: ನೇಮಕ

ನಾನು ಹೊರದೇಶಕ್ಕೆ ಹೋದದ್ದು ನೋಡಲಿಕ್ಕಲ್ಲ, ಬುದ್ಧಿ ಹೇಳಲಿಕ್ಕೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅರಮನೆ, ಸೇತುವೆ, ಗೋಪುರಗಳ ವರ್ಣನೆ ಬೇಕಾದವರು ನಮ್ಮ ಪಕ್ಕದ ಮನೆಯ ವಕೀಲರನ್ನು ಕಾಣಬಹುದು. ಅವರು ಹನ್ನೊಂದು ದೇಶಗಳನ್ನು ಒಂಬತ್ತು ದಿನಗಳಲ್ಲಿ ನೋಡಿ ಬಂದಿದ್ದಾರೆ. ವಿವರಿಸಲು ಅದಕ್ಕಿಂತ ಹೆಚ್ಚು ದಿನ ತೆಗೆದುಕೊಳ್ಳುತ್ತಾರೆ. ನಾನು ನೋಡಿದ್ದು ಒಂದು ಆಸ್ಪತ್ರೆ, ಅದರಲ್ಲಿ ಒಂದು ವಾರ್ಡು, ಆ ವಾರ್ಡಿನಲ್ಲಿ ಒಂದು ಊಟದ ತಟ್ಟೆ.

ನಾನು ಜಮಖಂಡಿಯಲ್ಲಿ ಇಪ್ಪತ್ತು ಕಾಟಿನ ಸಣ್ಣ ದವಾಖಾನೆ ಇಟ್ಟುಕೊಂಡ ಡಾಕ್ಟರ್. ಅದಕ್ಕೆ ಮೊದಲು ಬೀಳಗಿ ತಾಲೂಕಿನಲ್ಲಿ ಸರ್ಕಾರಿ ನೌಕರಿ ಮಾಡಿ, ಬಂದ ನೋಟೀಸುಗಳಿಗೆಲ್ಲ ಸಮಜಾಯಿಷಿ ಬರೆದು, ಆ ಸಾಹಿತ್ಯ ಪ್ರಕಾರದಲ್ಲಿ ಪರಿಣತಿ ಪಡೆದು ಹೊರಬಿದ್ದವನು. ನನ್ನ ಅಕ್ಕ ಗಂಗಕ್ಕ ಮುಧೋಳದ ಹೈಸ್ಕೂಲೊಂದರಲ್ಲಿ ಮುಖ್ಯಾಧ್ಯಾಪಕಿಯಾಗಿದ್ದು ನಿವೃತ್ತಳಾದವಳು. ನಿವೃತ್ತಿಯ ಆದೇಶವನ್ನು ಅವಳು ಶಾಲೆಯ ಮಟ್ಟಿಗೆ ಮಾತ್ರ ಒಪ್ಪಿಕೊಂಡಿದ್ದಾಳೆ. ಅವಳ ಮಗಳು ಸುಮಂಗಲಾ, ನಮಗೆಲ್ಲ ಸುಮಿ, ಎಂಬಿಬಿಎಸ್ ಮುಗಿಸಿ ಒಂದು ವರ್ಷ ನನ್ನ ದವಾಖಾನೆಯಲ್ಲಿ ಕೆಲಸ ಕಲಿತು, ಬೇಕಾದ ಪರೀಕ್ಷೆಗಳನ್ನು ಬರೆದು, ವೇಲ್ಸ್ ದೇಶದ ಕಡಲ ದಂಡೆಯ ಒಂದು ಆಸ್ಪತ್ರೆಗೆ ತರಬೇತಿಗೆ ಹೋಗಿದ್ದಳು.

ಏಪ್ರಿಲ್ ಕೊನೆಗೆ ಅಕ್ಕ ನನ್ನನ್ನು ಮುಧೋಳಕ್ಕೆ ಕರೆಸಿದಳು. ತಾಟು ಇಡುವ ಮೊದಲೇ ಸುದ್ದಿ ಬಡಿಸಿದಳು.

"ನಿನ್ನ ಶಿಷ್ಯಾಳ ಪ್ರತಾಪ ಕೇಳಿದೇನು? ಅಲ್ಲಿ ದೊಡ್ಡ ಡಾಕ್ಟರ್ ಬಾಯಿ, ಅಕಿ ಮ್ಯಾಲಿನ ಹೆಣ್ಮಗಳು, ಒಂದ ಹಾಳಿ ಬರದು ಕೊಡು ಅಂದಾರಂತ. ತಪ್ಪಾತು, ಇನ್ನ ಮ್ಯಾಲೆ ಮಾಡಂಗಿಲ್ಲ ಅಂತ. ಇಕಿ ಬರಿಯಂಗಿಲ್ಲಂತ."

"ಏನ್ ತಪ್ಪು ಮಾಡ್ಯಾಳ?"

"ಪೇಶಂಟನ ಊಟದ ತಾಟಿನ ಮುಚ್ಚಳ ತಗದು ನೋಡ್ಯಾಳ."

ನಾನು ನೀರು ಕುಡಿದೆ.

"ಇದನ್ನ ಅಕಿಗೆ ಯಾರು ಕಲಿಸಿದ್ರು?" ಅಕ್ಕ ಕೇಳಿದಳು. ಉತ್ತರ ಗೊತ್ತಿದ್ದೂ ಪ್ರಶ್ನೆ ಕೇಳುವುದು ಅವಳ ವೃತ್ತಿಯ ಅಭ್ಯಾಸ.

ಕಲಿಸಿದವನು ನಾನೇ. ನಮ್ಮ ಕಡೆ ರೋಗಿಗೆ ಊಟ ಮನೆಯಿಂದ ಬರುತ್ತದೆ. ಬನಹಟ್ಟಿಯ ನೇಕಾರರ ಮನೆಯಿಂದ, ಅನಗವಾಡಿಯ ಹೊಲದಿಂದ, ಲೋಕಾಪುರದ ಬಸ್ಸಿನ ಕಂಡಕ್ಟರನ ಕೈಯಲ್ಲಿ ಬುತ್ತಿ ಬಂದು ಕಾಟಿನ ಕೆಳಗೆ ಕೂರುತ್ತದೆ. ನನ್ನ ಹತ್ತಿರ ಕಲಿಯಲು ಬಂದ ಹೊಸ ಡಾಕ್ಟರುಗಳಿಗೆ ಮೊದಲ ದಿನ ನಾನು ಹೇಳುವುದು ಇಷ್ಟೇ: ಫೈಲು ಆಮೇಲೆ ತೆರೆಯಿರಿ, ಮೊದಲು ಬುತ್ತಿ ತೆರೆಯಿರಿ. ಸಕ್ಕರೆ ಕಾಯಿಲೆಯವನು ಕಟ್ಟುನಿಟ್ಟಾಗಿ ಪಥ್ಯದಲ್ಲಿದ್ದೇನೆ ಎಂದು ಆಣೆ ಮಾಡುತ್ತಾನೆ. ಕೆಳಗಿನ ಡಬ್ಬಿಯಲ್ಲಿ ಹೋಳಿಗೆ ಮಲಗಿರುತ್ತದೆ. ಶಕ್ತಿಯೇ ಇಲ್ಲರೀ ಎಂದು ಗೋಳಾಡುವ ಅಜ್ಜನ ಬಾಯಲ್ಲಿ ಎರಡೇ ಹಲ್ಲು, ಬುತ್ತಿಯಲ್ಲಿ ಕಟಕ ರೊಟ್ಟಿ. ಯಾರಿಗೆ ಗುಳಿಗೆ ಬೇಕು, ಯಾರಿಗೆ ಬರೀ ಮೆತ್ತಗಿನ ಅನ್ನ ಬೇಕು ಎನ್ನುವುದು ಮುಚ್ಚಳ ತೆಗೆದರೆ ತಿಳಿಯುತ್ತದೆ. ಸುಮಿ ಈ ವಿದ್ಯೆಯನ್ನು ಬೇಗ ಕಲಿತಳು. ಅದನ್ನು ಪಾಸ್‌ಪೋರ್ಟಿನ ಜೊತೆಗೆ ಒಯ್ಯುತ್ತಾಳೆ ಎಂದು ನನಗೆ ಹೊಳೆದಿರಲಿಲ್ಲ.

"ಆಗಸ್ಟದಾಗ ಬ್ಯಾರೆ ಊರಾಗ ಮಕ್ಕಳ ದವಾಖಾನಿ ಸೀಟು ಅಕಿ ಕೈಯಾಗ ಐತಿ," ಅಕ್ಕ ಹೇಳಿದಳು. "ಈ ವರ್ಷದ ಕೆಲಸ ಪಾಸು ಅಂತ ಆ ಬಾಯಿ ಸಹಿ ಹಾಕಿದ್ರ ಹೋಗ್ತಾಳ. ಇಲ್ಲಾಂದ್ರ ಸೀಟು ಹೋತು. ಒಂದ ಹಾಳಿ, ಬಸೂ. ನೀ ಹೋಗು, ಬರಿಸಿ ಬಾ. ಕೆಡಿಸಿದಾವ ನೀ, ತಿದ್ದಾವನೂ ನೀನ."

ಹೀಗೆ ನನ್ನ ರಾಯಭಾರ ಶುರುವಾಯಿತು.

ವಿಮಾನ ನಿಲ್ದಾಣ: ರೊಟ್ಟಿಯ ವಿಚಾರಣೆ

ರಾಯಭಾರಿಗಳು ಬರಿಗೈಯಲ್ಲಿ ಹೋಗುವ ಪದ್ಧತಿ ಇಲ್ಲ. ಅಕ್ಕ ನನ್ನ ಪೆಟ್ಟಿಗೆಯಲ್ಲಿ ನಲವತ್ತು ಕಟಕ ಸಜ್ಜಿ ರೊಟ್ಟಿ, ಎರಡು ಬಗೆಯ ಹಿಂಡಿ ಅಂದರೆ ಚಟ್ನಿಪುಡಿ, ಮಹಾಲಿಂಗಪುರದ ಒಂದು ದೊಡ್ಡ ಬೆಲ್ಲದ ಅಚ್ಚು ತುಂಬಿ, ಉಳಿದ ಸಂದಿಯಲ್ಲಿ ನನ್ನ ಬಟ್ಟೆಗಳಿಗೆ ಆಶ್ರಯ ಕೊಟ್ಟಿದ್ದಳು. ಲಂಡನ್ನಿನಲ್ಲಿ ಇಳಿದಾಗ ಕಸ್ಟಮ್ಸಿನ ಅಧಿಕಾರಿಯೊಬ್ಬ ಪೆಟ್ಟಿಗೆ ತೆರೆಸಿದ.

ಇಲ್ಲೊಂದು ಮಾತು. ಆ ದೇಶದವರು ಇಂಗ್ಲಿಷಿನಲ್ಲಿ ಆಡಿದ್ದನ್ನು ನಾನು ಈ ಬರಹದ ಉದ್ದಕ್ಕೂ ನಮ್ಮ ಮಾತಿಗೆ ಇಳಿಸಿದ್ದೇನೆ. ಅವರು ಹೀಗೆ ಮಾತಾಡಲಾರರು ಎಂದು ಯಾರಾದರೂ ತಕರಾರು ತೆಗೆದರೆ, ನನ್ನ ಕಿವಿಗೆ ಹೀಗೇ ಕೇಳಿತು ಎಂಬುದು ನನ್ನ ಉತ್ತರ.

"ಇದೇನ್ರಿ?" ಅಧಿಕಾರಿ ಕೇಳಿದ.

"ರೊಟ್ಟಿ."

ಅವನು ಬೆರಳಿನ ಗೆಣ್ಣಿನಿಂದ, ಅಪರಿಚಿತರ ಬಾಗಿಲು ಬಡಿಯುವ ಹಾಗೆ, ಮೇಲಿನ ರೊಟ್ಟಿಯನ್ನು ಎರಡು ಸಲ ಬಡಿದ. ಗಟ್ಟಿ ಸಪ್ಪಳ ಬಂತು.

"ತಿನ್ನೂದು?"

"ತಿನ್ನೂದು."

"ಹೆಂಗ?"

"ಮುರದು."

ಅವನು ಪಕ್ಕದ ಮೇಜಿನವಳನ್ನು ಕರೆದ. ಅವಳೂ ಬಡಿದು ನೋಡಿದಳು. ಇದರಲ್ಲಿ ಹಾಲು, ಮಾಂಸ ಏನಾದರೂ ಇದೆಯೇ ಎಂದು ಇಬ್ಬರೂ ಕೇಳಿದರು. "ಸಜ್ಜಿ, ನೀರು, ನಮ್ಮ ಅಕ್ಕನ ಸಿಟ್ಟು," ಎಂದೆ. ಮೂರನೆಯದರ ಮೇಲೆ ಅಲ್ಲಿ ನಿಷೇಧವಿಲ್ಲವಂತೆ, ಬಿಟ್ಟರು. ಒಂದು ಚೂರು ಮುರಿದು ಕೊಡಲು ಹೋದೆ. ಕೆಲಸದ ಮೇಲಿದ್ದೇನೆ ಎಂದು ಆತ ಕೈ ಹಿಂದೆ ತೆಗೆದುಕೊಂಡ. ನಮ್ಮ ಯಾವ ತಪಾಸಣೆ ನಾಕಾದ ಮೇಲೂ ಇಂಥ ಉತ್ತರ ಕೇಳಿದ ನೆನಪು ನನಗಿಲ್ಲ.

ಕಡಲ ದಂಡೆ

ವೇಲ್ಸಿನಲ್ಲಿ ಪ್ರತಿ ಫಲಕವೂ ಎರಡು ಭಾಷೆಯಲ್ಲಿ ಇರುತ್ತದೆ, ಒಂದು ಅವರದು, ಇನ್ನೊಂದು ಇಂಗ್ಲಿಷ್. ಕನ್ನಡ, ಮರಾಠಿ ಎರಡನ್ನೂ ಒಂದೇ ಗಲ್ಲಿಯಲ್ಲಿ ಕೇಳಿ ಬೆಳೆದ ನನಗೆ ಇದು ಮನೆಯ ಹಾಗೇ ಅನಿಸಿತು. ರೈಲು ನಿಲ್ದಾಣದಿಂದ ಸುಮಿಯ ಮನೆಗೆ ಹೋಗುವ ಟ್ಯಾಕ್ಸಿಯಲ್ಲಿ, ರಸ್ತೆಯ ತಿರುವಿನಲ್ಲಿ ಬಿಳಿ ಬಣ್ಣದಿಂದ ದೊಡ್ಡದಾಗಿ ಅವರ ಭಾಷೆಯ ಒಂದೇ ಶಬ್ದ ಮತ್ತೆ ಮತ್ತೆ ಬರೆದದ್ದು ಕಂಡಿತು. ಅದು ಊರಿನ ಹೆಸರು ಎಂದು ತಿಳಿದು, ಇಷ್ಟು ಹೊತ್ತಾದರೂ ಈ ಊರು ಮುಗಿಯಲಿಲ್ಲವಲ್ಲ, ಭಾರೀ ಪಟ್ಟಣ ಎಂದೆ. ನಿಧಾನವಾಗಿ ಹೋಗಿ ಎಂದು ಅದರ ಅರ್ಥವಂತೆ. ಟ್ಯಾಕ್ಸಿಯವನು ನಗಲಿಲ್ಲ. ಅಂಥ ತಪ್ಪು ಮಾಡಿದ ಬಹಳ ಮಂದಿಯನ್ನು ನೋಡಿರಬೇಕು.

ಮರುದಿನ ಸಂಜೆ ಸುಮಿ ನನ್ನನ್ನು ಕಡಲ ದಂಡೆಗೆ ಕರೆದೊಯ್ದಳು. ಅಲ್ಲಿಯ ಗಾಳಿ ಮೇ ತಿಂಗಳಲ್ಲೂ ಮನುಷ್ಯನ ಹತ್ತಿರ ಏನೋ ಹಳೆಯ ಜಗಳ ಇದ್ದಂತೆ ಬೀಸುತ್ತದೆ. ಒಬ್ಬ ಮುದುಕಿ ನಾಯಿ ಹಿಡಿದುಕೊಂಡು ಎದುರಿಗೆ ಬಂದಳು. ಸಣ್ಣ ಸೊಂಟ, ಉದ್ದ ಕಾಲು, ಚೂಪು ಮುಸುಡಿ. ಸಾಕ್ಷಾತ್ ಮುಧೋಳ ನಾಯಿಯ ತಮ್ಮ. ನಾನು ನಿಂತು, ಇದು ನಮ್ಮೂರಿನದು ಎಂದೆ. ಮುದುಕಿ ಹಗ್ಗವನ್ನು ಗಟ್ಟಿ ಹಿಡಿದಳು.

"ಇಲ್ರಿ, ಇದು ನಂದು," ಎಂದಳು.

"ವಂಶ ನಮ್ಮದು," ಎಂದೆ.

"ಇದರ ವಂಶದ ಕಾಗದ ಮನ್ಯಾಗ ಅದಾವು," ಎಂದಳು ಮುದುಕಿ. ಆ ದೇಶದಲ್ಲಿ ನಾಯಿಗೂ ಕಾಗದ ಇರುತ್ತದೆ. ಹಾಗಾದ ಮೇಲೆ ಡಾಕ್ಟರುಗಳ ಕಥೆ ಏನು ಕೇಳುತ್ತೀರಿ.

ಸುಮಿ ಆ ಕಥೆಯನ್ನು ಒಂದು ಕಲ್ಲು ಬೆಂಚಿನ ಮೇಲೆ ಕೂತು ಹೇಳಿದಳು. ಅಲ್ಲಿ ಹೊಸ ಡಾಕ್ಟರ್ ನಾಲ್ಕು ನಾಲ್ಕು ತಿಂಗಳು ಒಂದೊಂದು ವಿಭಾಗದಲ್ಲಿ ಕೆಲಸ ಮಾಡಬೇಕು. ಪ್ರತಿಯೊಬ್ಬರ ಮೇಲೆ ಒಬ್ಬ ಹಿರಿಯರು ಇರುತ್ತಾರೆ. ಕಂಪ್ಯೂಟರಿನಲ್ಲಿ ಒಂದು ಪುಸ್ತಕ. ಸೂಜಿ ಚುಚ್ಚಲು ಬಂತು ಎಂದರೆ ಒಂದು ಸಹಿ, ರೋಗಿಯ ಹತ್ತಿರ ಸರಿಯಾಗಿ ಮಾತಾಡಲು ಬಂತು ಎಂದರೆ ಇನ್ನೊಂದು. ತಪ್ಪು ನಡೆದರೆ ನಾಲ್ಕು ಕಾಲಂ ತುಂಬಬೇಕು: ಏನಾಯಿತು, ನಿನಗೆ ಏನನಿಸಿತು, ಏನು ಕಲಿತೆ, ಮುಂದಿನ ಸಲ ಬೇರೆ ಏನು ಮಾಡುವೆ.

ನಮ್ಮಲ್ಲಿ ಹೊಸ ಡಾಕ್ಟರ್ ತಪ್ಪು ಮಾಡಿದರೆ ದೊಡ್ಡವರು ವಾರ್ಡಿನ ನಡುವೆ ನಿಲ್ಲಿಸಿ ಬೈಯುತ್ತಾರೆ. ಹತ್ತು ನಿಮಿಷದಲ್ಲಿ ಮುಗಿಯುತ್ತದೆ, ಆಮೇಲೆ ಎಲ್ಲರಿಗೂ ಚಹಾ. ಅಲ್ಲಿ ಯಾರೂ ಬೈಯುವುದಿಲ್ಲ. ತಪ್ಪು ಮಾಡಿದವರು ತಮಗೆ ತಾವೇ ಬೈದುಕೊಂಡು, ಅದನ್ನು ಟೈಪು ಮಾಡಿ ಕಳಿಸಬೇಕು. ಎರಡರಲ್ಲಿ ಯಾವುದು ನಾಗರಿಕತೆ ಎಂದು ನಾನು ಇನ್ನೂ ತೀರ್ಮಾನಿಸಿಲ್ಲ.

"ಅಲ್ಲಾ ಸುಮಿ, ತಾಟಿನ ಮುಚ್ಚಳ ತಗದ್ರ ಇವರಿಗೇನು ತ್ರಾಸು?"

"ಮುಚ್ಚಳದ್ದಲ್ಲ ಮಾಮಾ, ಹೊತ್ತಿಂದು. ಹನ್ನೆರಡರಿಂದ ಒಂದರ ತನಕ ಊಟದ ಹೊತ್ತು. ಆವಾಗ ಯಾವ ಡಾಕ್ಟರೂ ವಾರ್ಡಿನಾಗ ಕಾಲಿಡಂಗಿಲ್ಲ. ಜೀವ ಹೋಗು ಹಂಗಿದ್ರ ಅಷ್ಟ. ನಾ ಮೂರು ಸಲ ಹೋದೆ. ಎರಡು ಸಲ ಹೇಳಿ ಬಿಟ್ರು, ಮೂರನೇ ಸಲ ವಾರ್ಡಿನ ಸಿಸ್ಟರು ಬರದು ಮ್ಯಾಲೆ ಕಳಿಸಿದ್ರು."

"ಗೊತ್ತಿದ್ದೂ ಯಾಕ ಹೋದಿ?"

"ಎಮ್ರಿಸ್ ಅಜ್ಜಾರ ಸಲುವಾಗಿ. ನಾಳಿ ನೋಡ್ರಿ, ತಿಳೀತದ."

ನಾನು ಬುದ್ಧಿ ಹೇಳುವುದನ್ನು ನಾಳೆಗೆ ಮುಂದೂಡಿದೆ. ಗಾಳಿಗೆ ಬಾಯಿ ತೆರೆಯುವುದೂ ಕಷ್ಟವಾಗಿತ್ತು.

ವಾರ್ಡು: ಹನ್ನೆರಡು ಗಂಟೆ

ಎಮ್ರಿಸ್ ಎಂಬತ್ತು ದಾಟಿದ ಮುದುಕ. ಆಯುಷ್ಯವಿಡೀ ಮೀನಿನ ದೋಣಿಯಲ್ಲಿ ಕಳೆದವನು. ಮನೆಯಲ್ಲಿ ಬಿದ್ದು ಸೊಂಟದ ಎಲುಬು ಮುರಿದು ಸೇರಿದ್ದ. ನನ್ನನ್ನು ಒಳಗೆ ಬಿಡುವ ಮೊದಲು ಸುಮಿ ಅವನ ಒಪ್ಪಿಗೆ ಕೇಳಿ ಬಂದಳು. ಇದು ನನಗೆ ಮೆಚ್ಚಿಗೆಯಾಯಿತು. ನಮ್ಮಲ್ಲಿ ಒಬ್ಬ ರೋಗಿಯನ್ನು ನೋಡಲು ಇಡೀ ಓಣಿ ಬರುತ್ತದೆ. ಒಪ್ಪಿಗೆ ಕೇಳುವುದಿರಲಿ, ರೋಗಿಯನ್ನು ಸರಿಸಿ ಕಾಟಿನ ಮೇಲೆ ತಾವು ಕೂರುತ್ತಾರೆ.

ನಾನೂ ಕೂತೆ. ಅಭ್ಯಾಸಬಲ. ಕೂತ ಮರುಕ್ಷಣ ನನ್ನ ಭುಜದ ಮೇಲೆ ಒಂದು ಕೈ ಬಿತ್ತು.

"ಅದು ಅವರ ಹಾಸಿಗಿ. ನಿಮಗ ಕುರ್ಚಿ ಅಲ್ಲೈತಿ," ಎಂದಳು ಸಿಸ್ಟರ್ ಗ್ವೆನ್. ಐವತ್ತರ ಆಸುಪಾಸಿನ, ಗಟ್ಟಿ ಮೈಯ ಹೆಂಗಸು. ಸುಮಿಯ ಮೇಲೆ ದೂರು ಬರೆದವಳು ಇವಳೇ. ನಾನು ಎದ್ದು, ಕಾಟಿನ ಎಡಗಡೆ ಕುರ್ಚಿ ಹಾಕಿಕೊಂಡು, ಎಮ್ರಿಸ್ ಅಜ್ಜನಿಗೆ ನಮಸ್ಕಾರ ಹೇಳಿದೆ. ಉತ್ತರವಿಲ್ಲ. ಇನ್ನೊಮ್ಮೆ ಹೇಳಿದೆ. ಅಜ್ಜ ಎದುರಿನ ಗೋಡೆ ನೋಡುತ್ತಿದ್ದ. ಮೂರನೆಯ ಸಲ ಗಟ್ಟಿಯಾಗಿ ಹೇಳಿ, ಬಿಳಿಯರ ಸೊಕ್ಕು ಇನ್ನೂ ಇಳಿದಿಲ್ಲ ಎಂದು ಮನಸ್ಸಿನಲ್ಲೇ ಟಿಪ್ಪಣಿ ಬರೆದುಕೊಂಡೆ.

"ಮಾಮಾ, ಈ ಕಡೆ ಬರ್ರಿ," ಸುಮಿ ನನ್ನನ್ನು ಕುರ್ಚಿಸಮೇತ ಬಲಗಡೆಗೆ ಕರೆದಳು.

ಅಜ್ಜನ ಮುಖ ಅರಳಿತು. "ಓ, ಬಂದ್ರೇನು? ನಿಮ್ಮ ದಾರಿ ನೋಡಾಕತ್ತಿದ್ದೆ," ಎಂದು ಕೈ ಕುಲುಕಿದ.

ಆಗ ನನಗೆ ಅರ್ಥವಾಯಿತು. ಮೆದುಳಿನ ಬಲಭಾಗಕ್ಕೆ ಪೆಟ್ಟಾದ ಕೆಲವರಿಗೆ ಲೋಕದ ಎಡ ಅರ್ಧ ಮಾಯವಾಗಿಬಿಡುತ್ತದೆ. ಕಣ್ಣು ಚೆನ್ನಾಗಿದ್ದರೂ ಆ ಕಡೆ ಒಂದು ಲೋಕ ಇದೆ ಎಂಬುದೇ ಅವರ ಮನಸ್ಸಿಗೆ ಬರುವುದಿಲ್ಲ. ಎಲುಬಿನ ಆಪರೇಶನ್ ಆದ ಮೇಲೆ ಯಾವಾಗಲೋ ಅಜ್ಜನಿಗೆ ಒಂದು ಸಣ್ಣ ಪಾರ್ಶ್ವವಾಯು ಆಗಿತ್ತು. ಕೈಕಾಲು ಬಿದ್ದಿರಲಿಲ್ಲ, ಮಾತು ನಿಂತಿರಲಿಲ್ಲ, ಯಾರಿಗೂ ಗೊತ್ತಾಗಲಿಲ್ಲ. ಅಜ್ಜ ಮಾತ್ರ ಮೂರು ವಾರ ಕರಗುತ್ತ ಹೋದ. ಊಟದ ಪಟ್ಟಿಯಲ್ಲಿ ಪ್ರತಿ ಹೊತ್ತೂ 'ಅರ್ಧ ಉಂಡಿದ್ದಾರೆ' ಎಂದು ಬರೆದಿತ್ತು. ಯಾವ ಅರ್ಧ ಎಂದು ಬರೆಯಲು ಅದರಲ್ಲಿ ಜಾಗವಿರಲಿಲ್ಲ. ವಯಸ್ಸಾಯಿತು, ಬೇಸರ, ಹಸಿವಿಲ್ಲ ಎಂದು ತೀರ್ಮಾನಿಸಿ ಮೂಗಿಗೆ ನಳಿಗೆ ಹಾಕಿ ಉಣಿಸುವ ಮಾತು ನಡೆದಿತ್ತು. ಸುಮಿ ನಿಷಿದ್ಧ ಹೊತ್ತಿನಲ್ಲಿ ಒಳಗೆ ಹೋಗಿ ಮುಚ್ಚಳ ತೆಗೆದು ನೋಡಿದಳು. ತಟ್ಟೆಯ ಬಲಗಡೆ ಸ್ವಚ್ಛ, ಎಡಗಡೆ ಬಡಿಸಿದ್ದು ಬಡಿಸಿದ ಹಾಗೇ ಇತ್ತು, ನಡುವೆ ಗೆರೆ ಎಳೆದ ಹಾಗೆ. ಮರುದಿನ ಹೋಗಿ ನೋಡಿದಳು, ಹಾಗೇ. ಮೂರನೆಯ ದಿನ ತಟ್ಟೆಯನ್ನು ತಿರುಗಿಸಿ ಇಟ್ಟಳು. ಅಜ್ಜ ಉಳಿದದ್ದನ್ನೂ ಉಂಡ. ಮೆದುಳಿನ ಚಿತ್ರ ತೆಗೆಸಿದಾಗ ಕಲೆ ಅಲ್ಲೇ ಇತ್ತು.

ಎಲ್ಲರೂ ಶಾಬಾಸ್ ಅಂದರಂತೆ. ಶಾಬಾಸ್ ಆದ ಮೇಲೆ, ಹನ್ನೆರಡು ಗಂಟೆಗೆ ಒಳಗೆ ಹೋದದ್ದಕ್ಕೆ ನಾಲ್ಕು ಕಾಲಂ ತುಂಬು ಅಂದರಂತೆ.

ಹನ್ನೆರಡಕ್ಕೆ ಊಟದ ಗಾಡಿ ಬಂತು. ಸುಮಿ ಗಡಿಯಾರ ನೋಡಿ ತಾನಾಗಿ ಹೊರಗೆ ನಡೆದಳು. ನಾನೂ ಎದ್ದೆ.

"ನೀವು ಡಾಕ್ಟರಾಗಿ ಬಂದೀರೋ, ಅವರಿಗೆ ಉಣಸಾಕ ಬಂದೀರೋ?" ಸಿಸ್ಟರ್ ಗ್ವೆನ್ ಕೇಳಿದಳು.

"ನಾ ಇಲ್ಲಿ ಡಾಕ್ಟರಲ್ಲ," ಎಂದೆ. ಜೀವಮಾನದಲ್ಲಿ ಮೊದಲ ಸಲ ಈ ಮಾತು ನನ್ನ ಬಾಯಿಂದ ಬಂತು.

"ಹಂಗಾದ್ರ ಕೂಡ್ರಿ. ಉಣಸಾವರಿಗೆ ಬಾಗಿಲ ತೆರದೈತಿ."

ಹೀಗೆ ಆ ದೇಶದಲ್ಲಿ ಒಂದು ಗುಳಿಗೆ ಬರೆದುಕೊಡಲೂ ಹಕ್ಕಿಲ್ಲದ ನಾನು ಒಳಗೆ. ಹಕ್ಕಿದ್ದ ಹುಡುಗಿ ಗಾಜಿನ ಬಾಗಿಲಿನ ಆಚೆ. ಅಜ್ಜ ಬಲ ಅರ್ಧ ಮುಗಿಸಿ ಚಮಚ ಇಟ್ಟ. ಗಾಜಿನ ಆಚೆ ಸುಮಿ ಬೀಸುವ ಕಲ್ಲು ತಿರುಗಿಸಿದಂತೆ ಕೈ ತಿರುಗಿಸಿ ತೋರಿಸಿದಳು. ನಾನು ತಟ್ಟೆ ತಿರುಗಿಸಿದೆ. ಅಜ್ಜ ಬೆರಗಾಗಿ ನೋಡಿದ.

"ಎರಡನೇ ಸಲ ಬಡಿಸಿದ್ರೇನು? ಭಾಳ ಉಪಕಾರಾತು," ಎಂದು ಮತ್ತೆ ಚಮಚ ಎತ್ತಿದ.

ಊಟವಾದ ಮೇಲೆ ನಾನು ಸಿಸ್ಟರ್ ಗ್ವೆನ್ನಳನ್ನು ಕೇಳಿದೆ, ಒಳ್ಳೆಯ ಕೆಲಸ ಮಾಡಿದ ಹುಡುಗಿಯ ಮೇಲೆ ದೂರು ಯಾಕೆ ಬರೆದೆ ಎಂದು. ಅವಳು ಖಾಲಿ ತಟ್ಟೆಗಳನ್ನು ಗಾಡಿಗೆ ಏರಿಸುತ್ತಲೇ ಹೇಳಿದಳು.

"ಮೊದಲ ಈ ಹೊತ್ತಿನಾಗ ಇಲ್ಲಿ ಸಂತಿ ಇತ್ತರಿ. ರಕ್ತಾ ತಗೊಳ್ಳಾವರು, ಎಕ್ಸರೇ ಫೋಟೋ ತಗಿಯಾವರು, ದೊಡ್ಡ ಡಾಕ್ಟರು, ಅವರ ಹಿಂದ ಎಂಟು ಮಂದಿ. ಮುದುಕರ ಊಟಾ ತಣ್ಣಗಾಗಿ ತಿರಗಿ ಹೋಗ್ತಿತ್ತು. ಈ ಬಾಗಿಲ ನಾ ಜಗಳಾಡಿ ಮುಚ್ಚಿಸೇನಿ. ನಿಮ್ಮ ಹುಡುಗಿ ಛಲೋ ಹುಡುಗಿ. ಆದ್ರ ಇವತ್ತ ಅಕಿ ಬಂದ್ರ ನಾಳಿ ಹತ್ತು ಮಂದಿ ಬರ್ತಾರ."

ಅವಳ ಜೊತೆ ಜಗಳಾಡಬೇಕು ಎಂದು ಬೆಳಿಗ್ಗೆಯಿಂದ ಮಾತು ಮಸೆದಿಟ್ಟುಕೊಂಡಿದ್ದೆ. ಒಂದೂ ಉಪಯೋಗಕ್ಕೆ ಬರಲಿಲ್ಲ.

ಅಡುಗೆಮನೆಯ ಮೇಜು

ಮುಂದಿನ ಒಂದು ವಾರ ನಾನು ಸುಮಿಗೆ ಬುದ್ಧಿ ಹೇಳಿದೆ. ಚಹಾ ಕುಡಿಯುವಾಗ ಹೇಳಿದೆ, ರೊಟ್ಟಿಗೆ ಹಿಂಡಿ ಕಲಸುವಾಗ ಹೇಳಿದೆ. ಕೊನೆಗೆ ಒಂದು ಭಾನುವಾರ, ಬಾಯಿಮಾತಿನಿಂದ ಆಗದು ಎಂದು, ಮೇಜಿನ ಮೇಲೆ ಹಾಳೆ ಹರಡಿಕೊಂಡು ನಾನೇ ಕರಡು ಬರೆದೆ. ಬೀಳಗಿಯ ದಿನಗಳ ಕೈಚಳಕ ಮರೆತಿರಲಿಲ್ಲ. ಮಾನ್ಯರೇ, ಈ ಮೂಲಕ ವಿನಂತಿಸಿಕೊಳ್ಳುವುದೇನೆಂದರೆ, ಸದರಿ ದಿನಾಂಕಗಳಂದು ಸದರಿ ವಾರ್ಡಿನಲ್ಲಿ ನನ್ನಿಂದ ಅಚಾತುರ್ಯ ನಡೆದಿದ್ದು, ಅದಕ್ಕೆ ತೀವ್ರವಾಗಿ ವಿಷಾದಿಸುತ್ತಾ, ಮುಂದೆ ಇಂತಹ ಪ್ರಸಂಗ ಮರುಕಳಿಸದಂತೆ ಎಚ್ಚರ ವಹಿಸುವುದಾಗಿ. ಇಂಗ್ಲಿಷಿಗೆ ತಿರುಗಿಸಿದ ಮೇಲೂ ಅದರ ಘನತೆ ಕುಂದಲಿಲ್ಲ.

ಸುಮಿ ಓದಿದಳು.

"ಇದರಾಗ ಎಲ್ಲಾ ಐತ್ರಿ ಮಾಮಾ. ಖರೆ ಒಂದ ಇಲ್ಲ."

"ಹಿಂಥಾ ಹಾಳಿ ಖರೆ ಹೇಳಾಕ ಇರೂದಿಲ್ಲವ್ವಾ. ಫೈಲಿಗೆ ಹಚ್ಚಾಕ ಇರ್ತಾವು."

"ನಿಮ್ಮ ಊರಾಗ. ಇಲ್ಲಿ ಇದನ್ನ ಓದ್ತಾರ."

"ಓದ್ಲಿ ಬಿಡು. ಸಹಿ ಹಾಕ್ತಾರಲ್ಲ. ಮಕ್ಕಳ ದವಾಖಾನಿ ಸೀಟಿಗೆ ಎಷ್ಟು ಓದೀದಿ ನೀ."

ಅವಳು ನನ್ನ ಕರಡನ್ನು ಮೊದಲಿನಿಂದ ಇನ್ನೊಮ್ಮೆ ಓದಿದಳು. ಆ ಸೀಟು ಅವಳಿಗೆ ಎಷ್ಟು ಬೇಕಾಗಿತ್ತು ಎಂಬುದು ಆ ಎರಡನೆಯ ಓದಿನಲ್ಲಿತ್ತು. ಅದನ್ನು ಹಗುರವಾಗಿ ಕಂಡಿದ್ದಳು ಎಂದು ಯಾರೂ ತಿಳಿಯಬಾರದು.

"ಮಾಮಾ, ಮೊದಲಿನ ಮೂರೂ ಕಾಲಂ ನಾ ತುಂಬೇನಿ. ನಿಯಮ ಮುರದೆ ಅಂತ ಬರದೇನಿ. ಗ್ವೆನ್ ಸಿಸ್ಟರ್ ಹೇಳೂದು ಬರೋಬ್ಬರಿ ಐತಿ ಅಂತನೂ ಬರದೇನಿ. ನಾಕನೇದು, ಮುಂದಿನ ಸಲ ಬ್ಯಾರೆ ಏನು ಮಾಡ್ತಿ ಅಂತ ಕೇಳ್ಯಾರ. ಅದಕ್ಕ ನಾ ಸುಳ್ಳು ಬರಿಯಂಗಿಲ್ಲ."

"ಏನು ಬರದೀದಿ?"

ಕಂಪ್ಯೂಟರ್ ತಿರುಗಿಸಿ ತೋರಿಸಿದಳು. ಒಂದೇ ಸಾಲು ಇತ್ತು: ಮುಂದಿನ ಸಲ ಮೂರು ವಾರ ಕಾಯುವುದಿಲ್ಲ, ಮೊದಲ ದಿನವೇ ಹೋಗುತ್ತೇನೆ.

ನಾನು ನನ್ನ ಕರಡನ್ನು ಮಡಚಿ ಜೇಬಿಗೆ ಹಾಕಿಕೊಂಡೆ. ಆದರೆ ಸೋಲು ಒಪ್ಪಿಕೊಳ್ಳಲಿಲ್ಲ. ಅಕ್ಕನ ಮುಖ ಕಣ್ಣ ಮುಂದಿತ್ತು.

ಹದಿಮೂರನೆಯ ದಿನ: ಮಾತಾಡದ ಸಾಕ್ಷಿ

ದೊಡ್ಡ ಡಾಕ್ಟರ್ ಬಾಯಿಯ ಕೋಣೆಗೆ ಸುಮಿ ಹೋಗುವ ದಿನ ಬಂತು. ಜೊತೆಗೆ ಒಬ್ಬರನ್ನು ಕರೆತರಬಹುದು, ಆದರೆ ತಮ್ಮನ್ನು ಕೇಳಿದ ಹೊರತು ಅವರು ಮಾತಾಡುವಂತಿಲ್ಲ ಎಂದು ನಿಯಮ. ಐದು ಸಾವಿರ ಮೈಲು ಮಾತಾಡಲಿಕ್ಕೆಂದೇ ಹೋದವನನ್ನು ಮೂಲೆಯ ಕುರ್ಚಿಯಲ್ಲಿ ಬಾಯಿ ಮುಚ್ಚಿಸಿ ಕೂರಿಸಿದರು.

ದೊಡ್ಡ ಡಾಕ್ಟರ್ ತೆಳ್ಳಗಿನ, ನೆರೆತ ಕೂದಲಿನ ಹೆಂಗಸು. ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ನನ್ನ ಕೆಲಸ ಹಗುರವಾಗುತ್ತಿತ್ತು. ಅವಳು ಹಾಳೆಯನ್ನು ಎರಡು ಸಲ ಓದಿದಳು.

"ಕೊನೀ ಸಾಲು ತಗದುಬಿಡು," ಎಂದಳು.

"ಇಲ್ರಿ," ಎಂದಳು ಸುಮಿ.

"ಅದರ ಬದಲಿ, ಮುಂದ ಬೇಕಾದ್ರ ಸಿಸ್ಟರನ್ನ ಕೇಳ್ತೀನಿ, ಊಟಾದ ಮ್ಯಾಲೆ ತಾಟು ತಗದಿಡ್ರಿ ಅಂತ ಹೇಳ್ತೀನಿ. ಹಂಗ ಬರಿ."

"ಕೇಳಿದ್ದೆರಿ. ತಗದಿಟ್ಟ ತಾಟಿನಾಗ ಎಲ್ಲಾ ಒಂದಕ್ಕೊಂದು ಕೂಡಿಕೊಂಡಿರ್ತದ. ಯಾವ ಕಡಿಂದು ಉಳದೈತಿ ಅಂತ ತಿಳಿಯಂಗಿಲ್ಲ. ಉಣ್ಣುವಾಗ ನೋಡಿದ್ರನ ತಿಳಿಯೂದು."

ದೊಡ್ಡ ಡಾಕ್ಟರ್ ಕನ್ನಡಕ ತೆಗೆದಿಟ್ಟಳು. ಅವಳಿಗೆ ಸುಮಿಯನ್ನು ಪಾಸು ಮಾಡುವ ಮನಸ್ಸಿತ್ತು, ಅದು ಕಾಣುತ್ತಿತ್ತು.

"ಇನ್ನೊಂದು ದಾರಿ ಐತಿ. ಇದು ನಿನ್ನ ಹಿಂದಿನ ತರಬೇತಿ ಒಳಗ ಹತ್ತಿದ ಚಟ. ಅಲ್ಲಿ ಹಂಗ ಕಲಿಸಿದ್ರು, ಇಲ್ಲಿ ಬಂದ ಮ್ಯಾಲೆ ತಿದ್ದಿಕೊಂಡೆ ಅಂತ ಬರಿ. ನಾ ಈಗ ಸಹಿ ಹಾಕ್ತೀನಿ." ಆಮೇಲೆ ನನ್ನ ಕಡೆ ತಿರುಗಿದಳು. "ನಿಮಗೇನೂ ಬ್ಯಾಸರಿಲ್ಲ ಅಲ್ರಿ?"

ಕೊನೆಗೂ ನನ್ನನ್ನು ಕೇಳಿದರು. ಜಮಖಂಡಿಯ ಇಪ್ಪತ್ತು ಕಾಟು, ಅಲ್ಲಿ ಕಲಿತು ಹೋದ ಹುಡುಗ ಹುಡುಗಿಯರು, ಕಾಟಿನ ಕೆಳಗಿನ ಬುತ್ತಿಗಳು, ಎಲ್ಲ ಒಂದು ಸಲ ಕಣ್ಣ ಮುಂದೆ ಹಾದುಹೋದವು. ಅದೆಲ್ಲ ಒಂದು ಕೆಟ್ಟ ಚಟ ಎಂದು ಒಂದು ಸಾಲಿನಲ್ಲಿ ಬರೆದರೆ ಆಯಿತು; ಹುಡುಗಿಯ ಸೀಟು ಉಳಿಯುತ್ತದೆ. ಯಾರಿಗೂ ನಷ್ಟವಿಲ್ಲ. ಆ ಹಾಳೆಯನ್ನು ಜಮಖಂಡಿಯಲ್ಲಿ ಯಾರು ಓದುತ್ತಾರೆ?

"ಬರಿ ಸುಮಿ," ಕನ್ನಡದಲ್ಲೇ ಹೇಳಿದೆ. "ನನ್ನ ಹೆಸರ ಹಾಕಿ ಬರಿ. ಜಮಖಂಡಿಗೆ ಏನೂ ಆಗಂಗಿಲ್ಲ."

ಸುಮಿ ನನ್ನ ಕಡೆ ನೋಡಿದಳು. ಸಿಟ್ಟಿರಲಿಲ್ಲ.

"ಜಮಖಂಡಿಗೆ ಏನೂ ಆಗಂಗಿಲ್ರಿ ಮಾಮಾ. ಮುಂದ ಬರೂ ಅಜ್ಜಗ ಆಗ್ತೈತಿ. ನಾಳಿ ನನಗಿಂತ ಸಣ್ಣ ಡಾಕ್ಟರೊಬ್ಬಾಕಿ ಇದನ್ನ ಓದ್ತಾಳ, ಮುಚ್ಚಳ ತಗಿಯೂದು ಚಟ ಅಂತ ತಿಳಕೋತಾಳ."

ಏನು ಮಾತಾಡಿಕೊಂಡಿರಿ ಎಂದು ದೊಡ್ಡ ಡಾಕ್ಟರ್ ಕೇಳಿದಳು. ನಾನು ಅಕ್ಷರಶಃ ಅನುವಾದಿಸಿದೆ, ನಾನು ಹೇಳಿದ್ದನ್ನೂ ಅವಳು ಹೇಳಿದ್ದನ್ನೂ. ಅಲ್ಲಿಗೇ ನಿಲ್ಲಿಸಬೇಕಾಗಿತ್ತು. ನಿಲ್ಲಲಿಲ್ಲ.

"ಇದು ಚಟ ಅಲ್ರಿ," ಎಂದೆ. "ನಾ ಕಲಿಸಿದ ವಿದ್ಯಾ. ನನಗ ಕಲಿಸಿದಾಕಿ ಒಬ್ಬಾಕಿ ಮುದುಕಿ ಆಯಾ, ಸಾಲಿ ಮೆಟ್ಟಲ ಹತ್ತದಾಕಿ. ನಿಮ್ಮ ಬಾಗಿಲ ನಿಯಮ ಛಲೋದೈತಿ, ನಾ ಅದನ್ನ ನಮ್ಮ ದವಾಖಾನಿಗೆ ಒಯ್ಯಾವ ಅದೀನಿ. ನಮ್ಮದು ನೀವು ಇಟ್ಕೊಳ್ರಿ, ಬಿಡ್ರಿ. ಆದ್ರ ತಪ್ಪು ಅಂತ ನಾ ಒಪ್ಪಂಗಿಲ್ಲ, ಅಕಿ ಕಡಿಂದ ಒಪ್ಪಸಂಗೂ ಇಲ್ಲ."

ರಾಯಭಾರ ಅಲ್ಲಿಗೆ ಮುಗಿಯಿತು. ಹಗ್ಗ ಹಿಡಿದು ಎಳೆಯಲು ಬಂದವನು ಹೋಗಿ ಎದುರಿನ ತಂಡ ಸೇರಿದ್ದೆ.

ದೊಡ್ಡ ಡಾಕ್ಟರ್ ಕನ್ನಡಕವನ್ನು ಮತ್ತೆ ಹಾಕಿಕೊಂಡಳು. ಅವಳ ಕೈಯೂ ಕಟ್ಟಿತ್ತು. ಗೊತ್ತಿದ್ದೂ ಮುರಿಯುತ್ತೇನೆ ಎಂದು ಬರೆದುಕೊಟ್ಟವರಿಗೆ ಸಹಿ ಹಾಕಿದರೆ ನಾಳೆ ಯಾರಿಗೆ ಏನು ಹೇಳುವುದು. "ಈ ಹಾಳಿ ಮ್ಯಾಲೆ ನಾ ಸಹಿ ಹಾಕಾಕ ಬರಂಗಿಲ್ಲ," ಎಂದಳು. "ಇನ್ನ ನಾಕು ತಿಂಗಳು ಇಲ್ಲೇ ಮಾಡಬೇಕಾಗ್ತೈತಿ. ಆಗಸ್ಟಿನ ಸೀಟು ಹೋಗ್ತೈತಿ. ಬರೂ ವರ್ಷ ಮತ್ತ ಹೊಸದಾಗಿ ಅರ್ಜಿ ಹಾಕಬೇಕು. ತಿಳಕೊಂಡೀ?"

"ತಿಳಕೊಂಡೇನ್ರಿ," ಎಂದಳು ಸುಮಿ. ಆಮೇಲೆ ಕೇಳಿದಳು: "ಇದ ವಾರ್ಡಿನಾಗೇನ್ರಿ?"

"ಇದ ವಾರ್ಡಿನಾಗ."

"ಆತ್ರಿ."

ಹೊರಗೆ ಬಂದ ಮೇಲೆ ಮೆಟ್ಟಿಲ ಮೇಲೆ ಕೂತು ಐದು ನಿಮಿಷ ಅತ್ತಳು. ನಾನು ಪಕ್ಕದಲ್ಲಿ ಕೂತಿದ್ದೆ. ಮೂಗು ಒರೆಸಿಕೊಂಡು ಎದ್ದು, ಆಸ್ಪತ್ರೆಯ ಕಚೇರಿಗೆ ಹೋಗಿ, ರಜೆಯ ದಿನಗಳಲ್ಲಿ ರೋಗಿಗಳಿಗೆ ಉಣಿಸಲು ಬರುವವರ ಪಟ್ಟಿಯಲ್ಲಿ ತನ್ನ ಹೆಸರು ಬರೆಸಿದಳು. ಅದಕ್ಕೆ ಡಾಕ್ಟರ್ ಆಗಿರಬಾರದು ಎಂದು ಎಲ್ಲೂ ಬರೆದಿರಲಿಲ್ಲ.

ಎರಡು ದಿನದ ಮೇಲೆ ಅವಳಿಗೆ ರಜೆಯಿತ್ತು. ಹನ್ನೆರಡು ಗಂಟೆಗೆ, ಡಾಕ್ಟರ್ ಎಂದು ಬರೆದ ಕುತ್ತಿಗೆಯ ಗುರುತಿನ ಚೀಟಿ ತೆಗೆದು ಚೀಲಕ್ಕೆ ಹಾಕಿ, ಗಾಜಿನ ಬಾಗಿಲಿನ ಮುಂದೆ ನಿಂತಳು. ಸಿಸ್ಟರ್ ಗ್ವೆನ್ ಮೊದಲು ಗಡಿಯಾರ ನೋಡಿದಳು, ಆಮೇಲೆ ಉಣಿಸುವವರ ಪಟ್ಟಿ ನೋಡಿದಳು, ಕೊನೆಗೆ ಹುಡುಗಿಯನ್ನು ನೋಡಿದಳು.

"ಕೈ ತೊಳಕೊಂಡು ಬಾ," ಎಂದಳು. "ಊಟಾ ಆರಾಕತ್ತೈತಿ."

ಮರುದಿನ: ಮುಧೋಳಕ್ಕೆ ವರದಿ

ಹೊರಡುವ ದಿನ ಬೆಳಿಗ್ಗೆ ಅಕ್ಕನಿಗೆ ಫೋನು ಮಾಡಿದೆ. ಮೂರು ದಿನ ಅದನ್ನು ತಪ್ಪಿಸಿಕೊಂಡಿದ್ದೆ.

"ಬರದ್ಲೇನು?"

"ಬರದ್ಲು."

"ಪಾಸಾತು?"

"ಇಲ್ಲ. ನಾಕು ತಿಂಗಳು ಜಾಸ್ತಿ. ಸೀಟು ಹೋತು."

ಮುಧೋಳದ ಆ ಮನೆಯಲ್ಲಿ ಅಕ್ಕ ಫ್ಯಾನು ಆರಿಸಿದ ಸಪ್ಪಳ ಕೇಳಿಸಿತು.

"ನೀ ಏನು ಮಾಡಾಕತ್ತಿದ್ದಿ ಅಲ್ಲೆ?"

ನಡೆದದ್ದನ್ನೆಲ್ಲ ಹೇಳಿದೆ. ಬಲಗಡೆ, ಎಡಗಡೆ, ಬೀಸುವ ಕಲ್ಲಿನ ಹಾಗೆ ತಿರುಗಿಸಿದ ತಟ್ಟೆ, ನಾಲ್ಕನೆಯ ಕಾಲಂ, ನಾನು ಬಾಯಿ ತೆರೆದದ್ದು. ಮುಖ್ಯಾಧ್ಯಾಪಕಿಯ ಮುಂದೆ ನಿಂತ ಏಳನೆಯ ಇಯತ್ತೆಯ ವಿದ್ಯಾರ್ಥಿಯಂತೆ ಒಂದೂ ಬಿಡದೆ ಒಪ್ಪಿಸಿದೆ. ಬೈಗುಳ ಈಗ ಬರುತ್ತದೆ, ಈಗ ಬರುತ್ತದೆ ಎಂದು ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದು ನಿಂತೆ.

"ನಿನ್ನೆ ಆ ಮುದುಕ ಉಂಡನೇನು?" ಅಕ್ಕ ಕೇಳಿದಳು.

"ಉಂಡ."

"ಎಡಗಡಿದೂ?"

"ಎಡಗಡಿದೂ."

"ಹೂಂ," ಎಂದು ಅಕ್ಕ ಫೋನು ಇಟ್ಟಳು.